ಬೀಜದೊಳಗಿನ ಮದ್ದು

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಎಷ್ಟೋ ಹೊಲಗಳಲ್ಲಿ ಮಳೆಯನ್ನೇ ನಂಬಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಮುಂಗಾರಿನ ಮೊದಲ ಹದಕ್ಕೆ ಹೊಗೆಸೊಪ್ಪಿನ ನಾಟಿ. ಎಲೆ ಮುರಿದು ಬ್ಯಾರನ್‌ಗೆ ಏರಿಸಿ, ಕಡ್ಡಿ ಕಿತ್ತು, ಹೊಲ ಉತ್ತು, ಮಘೆ ಹುಬ್ಬೆ ಮಳೆಯ ಹೊತ್ತಿಗೆ ಅದೇ ನೆಲಕ್ಕೆ ರಾಗಿ. ಹೊಗೆಸೊಪ್ಪು ಕೈಗೆ ಕಾಸು ಕೊಡುತ್ತದೆ. ರಾಗಿ ಮನೆಗೆ ಮುದ್ದೆಯನ್ನೂ ಕೊಟ್ಟಿಗೆಗೆ ಹುಲ್ಲನ್ನೂ ಕೊಡುತ್ತದೆ. ಕೃಷ್ಣರಾಜನಗರದ ಕಡೆ ಕಾವೇರಿ ನಾಲೆಯ ಬಯಲಿಗೆ ಇಳಿದರೆ ಭತ್ತ ಕಾಣುತ್ತದೆ. ನಾಲೆ ನೀರು ಹತ್ತದ ಕೆಂಪು ನೆಲಕ್ಕೆ ಬಂದರೆ ಅಲ್ಲೂ ರಾಗಿಯೇ.

ಹೀಗೆ ತಡವಾಗಿ ಬಿತ್ತಿದ ರಾಗಿ ತೆನೆ ಬಿಚ್ಚುವುದು ಕಾರ್ತಿಕದ ಆಸುಪಾಸಿನಲ್ಲಿ. ಆಗ ರಾತ್ರಿ ಚಳಿ, ಬೆಳಗ್ಗೆ ಇಬ್ಬನಿ. ಒಂಬತ್ತು ಗಂಟೆಯಾದರೂ ಎಲೆಯ ಮೇಲಿನ ನೀರು ಆರುವುದಿಲ್ಲ. ಹೊಲದ ಬದುವಿನ ಮೇಲೆ ನಿಂತವರಿಗೆ ಅದು ಕಣ್ಣಿಗೆ ತಂಪಾದ ನೋಟ. ಆದರೆ ಅದೇ ಹೊತ್ತಿಗಾಗಿ ಕಾದಿರುವ ಇನ್ನೊಂದು ಜೀವವಿದೆ. ಅದು ಒಂದು ಶಿಲೀಂಧ್ರ. ನಮ್ಮ ರೈತರು ಅದರ ಹಾವಳಿಯನ್ನು ಬೆಂಕಿ ರೋಗ ಎಂದು ಕರೆಯುತ್ತಾರೆ. ಈ ರೋಗಕ್ಕೆ ಬಗ್ಗದ ರಾಗಿಯನ್ನು ರೂಪಿಸಿದ ಕಸುಬನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ. ನಮ್ಮ ಸೀಮೆಯ ಅನ್ನವನ್ನು ಸದ್ದಿಲ್ಲದೆ ಕಾಯುತ್ತಿರುವ ಕಸುಬು ಇದು.

ಕುತ್ತಿಗೆಯಲ್ಲಿ ಕೂರುವ ರೋಗ

ಬೆಂಕಿ ರೋಗ ಮೂರು ಕಡೆ ಕಾಣಿಸುತ್ತದೆ. ಮೊದಲು ಎಲೆಯಲ್ಲಿ: ನೂಲುವ ಕದಿರಿನಂತೆ ನಡು ಉಬ್ಬಿ ಎರಡೂ ತುದಿ ಚೂಪಾದ ಚುಕ್ಕೆಗಳು, ಅಂಚು ಕಂದು, ನಡುವೆ ಬೂದಿ ಬಣ್ಣ. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡರೆ ಎಲೆ ಸುಟ್ಟಂತೆ ಒಣಗುತ್ತದೆ. ಪೈರು ಎಳೆಯದಾಗಿದ್ದರೆ ಹೊಸ ಎಲೆ ಬಿಟ್ಟು, ತೆಂಡೆ ಹೊಡೆದು ಇದರಿಂದ ಚೇತರಿಸಿಕೊಳ್ಳಬಹುದು. ಎರಡನೆಯದು ಕುತ್ತಿಗೆ. ತೆನೆಯ ಕೆಳಗಿನ ಎರಡು ಮೂರು ಅಂಗುಲ ಕಪ್ಪಾಗಿ, ಬೇರಿನಿಂದ ಬರುವ ನೀರೂ ಎಲೆಯಿಂದ ಬರುವ ಸತ್ವವೂ ಅಲ್ಲೇ ನಿಲ್ಲುತ್ತವೆ. ತೆನೆ ಜೋತುಬೀಳುತ್ತದೆ, ಕೆಲವೊಮ್ಮೆ ಮುರಿದೇ ಬೀಳುತ್ತದೆ. ಮೂರನೆಯದು ತೆನೆಯ ಬೆರಳು: ತುದಿಯಿಂದ ಹತ್ತಿ ಬುಡದತ್ತ ಇಳಿಯುವ ಕಪ್ಪು, ಒಳಗೆ ಬರೀ ಜೊಳ್ಳು.

ಮೂರರಲ್ಲಿ ಕುತ್ತಿಗೆಗೆ ಬರುವುದೇ ಹೆಚ್ಚು ಕೇಡಿನದು. ಅಷ್ಟು ಹೊತ್ತಿಗೆ ರೈತ ಬಿತ್ತಿ, ಎಡೆಕುಂಟೆ ಹೊಡೆದು, ಕಳೆ ಕಿತ್ತು, ಗೊಬ್ಬರ ಹಾಕಿ ಮುಗಿಸಿರುತ್ತಾನೆ. ಕೈಗೆ ಬರಬೇಕಾದ್ದು ಕಾಳು ಮಾತ್ರ. ಈ ರೋಗದಿಂದ ರಾಗಿಯ ಇಳುವರಿಯಲ್ಲಿ ಸರಾಸರಿ ಶೇ 28ರಷ್ಟು ನಷ್ಟವಾಗುತ್ತದೆಂದು ಕೃಷಿ ವಿಜ್ಞಾನಿಗಳ ಅಂದಾಜು. ರೋಗ ಬಲವಾದ ವರ್ಷ ಅದು ಶೇ 80ನ್ನೂ ದಾಟಬಹುದು. ಹಿಂದಿನ ಬೆಳೆಯ ಕೂಳೆ, ಹುಲ್ಲು, ಬದುವಿನ ಕಳೆಹುಲ್ಲು, ಬಿತ್ತುವ ಬೀಜ, ಎಲ್ಲದರಲ್ಲೂ ಶಿಲೀಂಧ್ರ ಉಳಿದುಕೊಂಡಿರುತ್ತದೆ. ಅದರ ಬೀಜಕಣ ಸೂಕ್ಷ್ಮದರ್ಶಕದಲ್ಲಿ ಮೂರು ಕೋಣೆಯ ಪುಟ್ಟ ಪೇರುಹಣ್ಣಿನಂತೆ ಕಾಣುತ್ತದೆ. ಗಾಳಿಯಲ್ಲಿ ತೇಲಿ ಬಂದು ಇಬ್ಬನಿಯಲ್ಲಿ ಕೂತು ಮೊಳೆಯುವುದಕ್ಕೆ ಅದಕ್ಕೊಂದು ಒದ್ದೆ ರಾತ್ರಿ ಸಾಕು. ನಾಲೆಯ ಬಯಲಿನ ಭತ್ತಕ್ಕೂ ಬೆಂಕಿ ರೋಗ ಬರುತ್ತದೆ, ಕುಲವೂ ಇದೇ. ಆದರೆ ಭತ್ತಕ್ಕೆ ಒಗ್ಗಿದ್ದು ಭತ್ತಕ್ಕೆ, ರಾಗಿಗೆ ಒಗ್ಗಿದ್ದು ರಾಗಿಗೆ. ಸಾಮಾನ್ಯವಾಗಿ ಒಂದರ ರೋಗ ಇನ್ನೊಂದಕ್ಕೆ ಹತ್ತುವುದಿಲ್ಲ.

ರೋಗಕ್ಕೆ ಔಷಧಿ ಇಲ್ಲವೆಂದಲ್ಲ. ಬೀಜೋಪಚಾರವಿದೆ, ಸಿಂಪಡಣೆಯಿದೆ. ಆದರೆ ಮಳೆಯಾಶ್ರಿತ ರಾಗಿಗೆ, ಅದೂ ಮನೆ ಊಟಕ್ಕೆಂದು ಬೆಳೆದ ರಾಗಿಗೆ, ತೆನೆ ಬಿಚ್ಚುವ ವಾರದಲ್ಲಿ ಔಷಧಿ ತಂದು ನೀರು ಹೊತ್ತು ಹೊಡೆಯುವವರು ಎಷ್ಟು ಮಂದಿ? ಆದ್ದರಿಂದ ಮದ್ದನ್ನು ಅಂಗಡಿಯಲ್ಲಿಡುವ ಬದಲು ಬೀಜದೊಳಗೇ ಇಡಬೇಕು. ರೋಗನಿರೋಧಕ ತಳಿ ಎಂದರೆ ಅಷ್ಟೇ: ರೈತನಿಗೆ ಬೇರೆ ಖರ್ಚಿಲ್ಲದೆ, ಬಿತ್ತಿದ ದಿನದಿಂದಲೇ ಕೆಲಸ ಶುರುಮಾಡುವ ಮದ್ದು.

ಸಾಸಿವೆಗಿಂತ ಸಣ್ಣ ಕಾಳಿನ ಹೂವು

ಎರಡು ತಳಿಗಳ ಒಳ್ಳೆಯ ಗುಣಗಳನ್ನು ಒಂದರಲ್ಲಿ ಕೂಡಿಸಬೇಕಾದರೆ ಅವೆರಡನ್ನೂ ಬೆರಕೆ ಮಾಡಬೇಕು. ಮೆಕ್ಕೆಜೋಳದಲ್ಲಿ ಇದು ಸುಲಭ. ಗಂಡು ಹೂವು ನೆತ್ತಿಯ ಮೇಲೆ, ಹೆಣ್ಣು ಹೂವು ಕಂಕುಳಲ್ಲಿ; ಮೇಲಿನದನ್ನು ಕಿತ್ತರೆ ಆಯಿತು. ರಾಗಿಯ ಮರ್ಜಿಯೇ ಬೇರೆ. ಒಂದು ತೆನೆಯನ್ನು ಕೈಯಲ್ಲಿ ಹಿಡಿದು ನೋಡಿ. ಒಂದೊಂದು ಬೆರಳಿನಲ್ಲೂ ಸುಮಾರು 70 ಪುಟ್ಟ ಗೊಂಚಲು, ಒಂದೊಂದು ಗೊಂಚಲಿನಲ್ಲೂ ಹಲವು ಹೂ. ಒಂದು ಹೂವೆಂದರೆ ಮೂರು ಕೇಸರ, ಗರಿಯಂಥ ಎರಡು ಶಲಾಕಾಗ್ರ. ಎಲ್ಲವೂ ಸಾಸಿವೆಗಿಂತ ಸಣ್ಣದಾದ ಒಂದು ಸಿಪ್ಪೆಯೊಳಗೆ. ಹೂ ಬಿಚ್ಚುವುದು ನಡುರಾತ್ರಿ ಕಳೆದು ಬೆಳಕು ಹರಿಯುವುದರೊಳಗೆ. ಬಿಚ್ಚುವ ಹೊತ್ತಿಗೆ ತನ್ನದೇ ಪರಾಗ ತನ್ನ ಮೇಲೆ ಬಿದ್ದು ಗರ್ಭ ಕಟ್ಟಿರುತ್ತದೆ. ಹೊರಗಿನ ಪರಾಗಕ್ಕೆ ರಾಗಿ ಬಾಗಿಲು ತೆರೆಯುವುದು ಅಪರೂಪ. ಪರಾಗದ ಆಯುಸ್ಸಾದರೂ ಎಷ್ಟು? ನಿಮಿಷಗಳ ಲೆಕ್ಕ.

ಇಂಥ ಹೂವಿನ ಜೊತೆ ಕೆಲಸ ಮಾಡಲು ತಳಿ ತಜ್ಞರು ಎರಡು ಮೂರು ಉಪಾಯ ಕಂಡುಕೊಂಡರು. ಒಂದು, ಬಿಸಿನೀರು. ಹೂ ಬಿಚ್ಚುವ ಮೊದಲು ತೆನೆಯನ್ನು ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಕೆಲವೇ ನಿಮಿಷ ಅದ್ದುತ್ತಾರೆ. ಆ ಬಿಸಿಗೆ ಪರಾಗ ಸಾಯುತ್ತದೆ, ಹೆಣ್ಣು ಭಾಗ ಬದುಕುತ್ತದೆ. ಬಿಸಿ ಹೆಚ್ಚಾದರೆ ಎರಡೂ ಹೋಗುತ್ತವೆ, ಕಡಿಮೆಯಾದರೆ ಎರಡೂ ಉಳಿಯುತ್ತವೆ. ಇನ್ನೊಂದು, ಒಟ್ಟಿಗೆ ಕಟ್ಟುವುದು. ಹೆಣ್ಣು ತಳಿಯ ತೆನೆಯನ್ನೂ ಗಂಡು ತಳಿಯ ತೆನೆಯನ್ನೂ ಹೂ ಬಿಚ್ಚುವ ಮೊದಲೇ ಜೋಡಿಸಿ ಒಂದೇ ಕಾಗದದ ಚೀಲದೊಳಗೆ ಕಟ್ಟಿಬಿಡುವುದು. ಒಳಗೆ ಸಾವಿರ ಹೂ ಅರಳಿದರೆ ಎಲ್ಲೋ ನಾಲ್ಕಾರು ಹೂವಿಗೆ ಪಕ್ಕದ ಪರಾಗ ತಾಗಿರುತ್ತದೆ.

ಆ ನಾಲ್ಕಾರು ಕಾಳು ಯಾವುವು ಎಂದು ತಿಳಿಯುವುದು ಹೇಗೆ? ಈ ಕಸುಬಿನಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಣತನ ಇಲ್ಲಿದೆ. ರಾಗಿಯಲ್ಲಿ ಗಿಣ್ಣು ನೇರಳೆ ಬಣ್ಣವಿರುವ ತಳಿಗಳಿವೆ, ಹಸಿರು ಗಿಣ್ಣಿನ ತಳಿಗಳೂ ಇವೆ. ನೇರಳೆ ಬಣ್ಣ ಹಸಿರನ್ನು ಮೀರುವ ಗುಣ. ಹಾಗಾಗಿ ಹಸಿರು ಗಿಣ್ಣಿನದನ್ನು ಹೆಣ್ಣಾಗಿ, ನೇರಳೆ ಗಿಣ್ಣಿನದನ್ನು ಗಂಡಾಗಿ ಆರಿಸಿಕೊಳ್ಳುತ್ತಾರೆ. ಚೀಲದೊಳಗೆ ಹೆಣ್ಣು ತೆನೆಯಲ್ಲಿ ಕಟ್ಟಿದ ಕಾಳನ್ನೆಲ್ಲ ಒಟ್ಲು ಹಾಕುತ್ತಾರೆ. ಪೈರಿನ ಬುಡದಲ್ಲಿ ಹಸಿರು ಕಂಡರೆ ಅದು ತನ್ನದೇ ಪರಾಗದ ಮಗು, ಅದನ್ನು ಕಿತ್ತುಹಾಕುತ್ತಾರೆ. ನೂರಾರು ಹಸಿರು ಪೈರಿನ ನಡುವೆ ಒಂದೇ ಒಂದು ನೇರಳೆ ಗಿಣ್ಣು ಕಂಡಿತೋ, ಬೆರಕೆ ಫಲಿಸಿದೆ ಎಂದು ಅರ್ಥ. ಕಣ್ಣಿಗೆ ಕಾಣದ ಕೆಲಸದ ಫಲವನ್ನು ಕಣ್ಣಿಗೆ ಕಾಣಿಸುವ ಗುರುತು ಅದು.

ಕೋಲ್ಮನ್‌ರಿಂದ ಲಕ್ಷ್ಮಣಯ್ಯನವರ ತನಕ

ರಾಗಿಯನ್ನು ಶಾಸ್ತ್ರೀಯವಾಗಿ ಆಯ್ಕೆ ಮಾಡುವ ಕೆಲಸ ಮೈಸೂರು ಸಂಸ್ಥಾನದಲ್ಲಿ ಒಂದು ಶತಮಾನಕ್ಕೂ ಹಿಂದೆ ಶುರುವಾಯಿತು. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ 1913ರಲ್ಲಿ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದವರೂ ಇವರೇ. ಅವರ ಕಾಲದಲ್ಲೇ, 1918ರಲ್ಲಿ, ಎಚ್-22 ಎಂಬ ರಾಗಿ ತಳಿ ಹೊರಬಂತು. ಹೊಲದಲ್ಲಿದ್ದ ನಾಡತಳಿಗಳಲ್ಲೇ ಉತ್ತಮವಾದುದನ್ನು ಹೆಕ್ಕಿ ಶುದ್ಧಗೊಳಿಸಿದ ತಳಿ ಅದು. ಮುಂದೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಮಂಡ್ಯದ ಪಕ್ಕದಲ್ಲಿ, ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕ್ಷೇತ್ರ ಎದ್ದಿತು.

ಆ ವಿ.ಸಿ. ಫಾರಂನಲ್ಲಿ ರಾಗಿಗೇ ಬದುಕು ಕೊಟ್ಟವರು ಡಾ. ಲಕ್ಷ್ಮಣಯ್ಯ. ರಾಗಿ ಲಕ್ಷ್ಮಣಯ್ಯ ಎಂದೂ ರಾಗಿ ಬ್ರಹ್ಮ ಎಂದೂ ಜನ ಅವರನ್ನು ಕರೆದದ್ದು ಹೊಗಳಿಕೆಗಲ್ಲ, ಇದ್ದದ್ದನ್ನು ಹೇಳುವುದಕ್ಕೆ. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬಂಥ ಹೆಸರುಗಳ ತಳಿಗಳ ಕಾಲ ಕಳೆದ ಮೇಲೆ ಅವರು ದೊಡ್ಡದೊಂದು ಹೆಜ್ಜೆ ಇಟ್ಟರು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟು ಬಂದ ಕಾಳು ನಮ್ಮ ನೆಲಕ್ಕೆ ಒಗ್ಗಿ ನಮ್ಮದೇ ಆಗಿತ್ತು. ತವರಿನಲ್ಲಿ ಉಳಿದ ರಾಗಿ ಬೇರೆ ಬಗೆಯಲ್ಲಿ ಬೆಳೆದಿತ್ತು: ದಪ್ಪ ಕಾಂಡ, ಉದ್ದ ಬೆರಳು, ತುಂಬಿದ ತೆನೆ, ರೋಗಕ್ಕೆ ಸುಲಭವಾಗಿ ಬಗ್ಗದ ಮೈ. ಕುಂದೆಂದರೆ ತಡವಾಗಿ ಬಲಿಯುವುದು. ನಮ್ಮ ರಾಗಿಯ ಬೇಗನೆ ಬಲಿಯುವ ಗುಣವನ್ನೂ ಅಲ್ಲಿನ ರಾಗಿಯ ಕಸುವನ್ನೂ ಅವರು ಬೆರೆಸಿದರು. ಇಂಡಿಯಾದ ಹೆಸರನ್ನೂ ಆಫ್ರಿಕಾದ ಹೆಸರನ್ನೂ ಕೂಡಿಸಿ ಆ ಮಕ್ಕಳಿಗೆ ಇಂಡಾಫ್ ಎಂದು ಹೆಸರಾಯಿತು. 1970ರ ದಶಕದಿಂದ ಇಂಡಾಫ್-1, 3, 5, 7, 8, 9 ಎಂದು ಒಂದರ ಹಿಂದೊಂದು ತಳಿ ಹೊಲಕ್ಕೆ ಬಂದು ಹಳೆ ಮೈಸೂರಿನ ಕಣಗಳ ಗಾತ್ರವನ್ನೇ ಹಿಗ್ಗಿಸಿದವು.

ಆದರೆ ಇಳುವರಿ ಬಂದಷ್ಟು ಸುಲಭವಾಗಿ ರೋಗ ಬಿಟ್ಟುಹೋಗಲಿಲ್ಲ. ರೈತರು ಮೆಚ್ಚಿದ್ದ ಇಂಡಾಫ್-5 ಬೆಂಕಿ ರೋಗಕ್ಕೆ ಸೋಲುತ್ತಿತ್ತು. ಮುಂದಿನ ಪೀಳಿಗೆಯ ತಜ್ಞರು ಅದನ್ನು ಬಿಸಾಡಲಿಲ್ಲ. ಅದರ ಇಳುವರಿಯನ್ನು ಉಳಿಸಿಕೊಂಡು ರೋಗ ತಡೆಯುವ ಗುಣವನ್ನು ಕಸಿ ಮಾಡಿದಂತೆ ಸೇರಿಸಲು ಹೊರಟರು. ಇಂಡಾಫ್-9ನ್ನು ರೋಗ ತಡೆಯುವ ಐಇ-1012 ಎಂಬ ಮೂಲದೊಡನೆ ಬೆರೆಸಿ, ಬಂದ ಸಂತಾನವನ್ನು ಮತ್ತೆ ಇಂಡಾಫ್-5ಕ್ಕೆ ಕೂಡಿಸಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಹೀಗೆ ಹುಟ್ಟಿ 1996ರಲ್ಲಿ ಬಿಡುಗಡೆಯಾದದ್ದೇ ಜಿಪಿಯು-28. ಸುಮಾರು 110ರಿಂದ 115 ದಿನದ ತಳಿ. ಇಂಡಾಫ್-5ರ ವಂಶದ್ದೇ, ಆದರೆ ಕುತ್ತಿಗೆ ಗಟ್ಟಿ. ಇಂದಿಗೂ ರೈತರು ಅಂಗಡಿಯಲ್ಲಿ ಹೆಸರು ಹಿಡಿದು ಕೇಳುವ ರಾಗಿ ಅದು.

ರೋಗವನ್ನು ಕರೆದು ಕೂರಿಸುವ ಹೊಲ

ಬೆರಕೆ ಮಾಡಿದ ಮಾತ್ರಕ್ಕೆ ತಳಿ ಆಗುವುದಿಲ್ಲ. ಮೊದಲ ಪೀಳಿಗೆಯಲ್ಲಿ ಎಲ್ಲ ಗಿಡವೂ ಒಂದೇ ಥರ. ಎರಡನೆಯದರಲ್ಲಿ ಅಜ್ಜ ಅಜ್ಜಿಯರ ಗುಣಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಸಾವಿರ ಗಿಡ ಸಾವಿರ ಥರ. ಅಲ್ಲಿಂದ ಆರಿಸುತ್ತ, ಆರಿಸಿದ್ದನ್ನು ಬೇರೆ ಸಾಲಾಗಿ ಬಿತ್ತುತ್ತ, ಮತ್ತೆ ಆರಿಸುತ್ತ ಆರೇಳು ಪೀಳಿಗೆ ಹೋಗಬೇಕು. ಆಮೇಲೆ ಹಲವು ಊರುಗಳ ಹೊಲದಲ್ಲಿ ಪರೀಕ್ಷೆ. ಒಟ್ಟು ಲೆಕ್ಕ ಹತ್ತು ಹನ್ನೆರಡು ವರ್ಷ.

ರೋಗ ತಡೆಯುವ ಗಿಡವನ್ನು ಆರಿಸಬೇಕಾದರೆ ಮೊದಲು ರೋಗ ಇರಬೇಕು. ರೋಗವಿಲ್ಲದ ವರ್ಷ ಎಲ್ಲ ಗಿಡವೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಈ ಕಸುಬಿನವರು ರೈತರಿಗೆ ಹೇಳುವುದಕ್ಕೆ ತದ್ವಿರುದ್ಧವಾಗಿ ಹೊಲ ಮಾಡುತ್ತಾರೆ. ತಡವಾಗಿ ಬಿತ್ತುತ್ತಾರೆ. ಸಾರಜನಕ ಹೆಚ್ಚಿಗೆ ಹಾಕಿ ಪೈರನ್ನು ಮೆತ್ತಗೆ ಮಾಡುತ್ತಾರೆ. ಸಂಜೆ ಹೊತ್ತು ನೀರು ಚಿಮುಕಿಸಿ ಎಲೆ ಒದ್ದೆಯಿಡುತ್ತಾರೆ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಶಿಲೀಂಧ್ರವನ್ನು ನೀರಿನಲ್ಲಿ ಕದಡಿ ಸಿಂಪಡಿಸುತ್ತಾರೆ. ಪರೀಕ್ಷೆಯ ಸಾಲುಗಳ ನಡುನಡುವೆ ರೋಗಕ್ಕೆ ಬೇಗ ಸೋಲುವ ತಳಿಯ ಸಾಲು ಹಾಕುತ್ತಾರೆ. ಆ ಕೆಲಸಕ್ಕೆ ಬಳಸುವ ನಾಡತಳಿಗಳಲ್ಲಿ ಒಂದರ ಹೆಸರು ಉದುರುಮಲ್ಲಿಗೆ. ರೋಗ ಮೊದಲು ಅದಕ್ಕೆ ಹತ್ತುತ್ತದೆ. ಅದರಿಂದ ಎದ್ದ ಬೀಜಕಣ ಅಕ್ಕಪಕ್ಕದ ಸಾಲುಗಳ ಮೇಲೆ ಬೀಳುತ್ತದೆ. ಉದುರುಮಲ್ಲಿಗೆ ಪೂರ್ತಿ ಕಪ್ಪಾಗಿ, ಪಕ್ಕದ ಸಾಲು ಹಸಿರಾಗಿ ನಿಂತಿದ್ದರೆ ಆ ಹಸಿರಿಗೆ ಅರ್ಥವಿದೆ. ಉದುರುಮಲ್ಲಿಗೆಗೇ ರೋಗ ಬರದಿದ್ದರೆ ಆ ವರ್ಷದ ಪರೀಕ್ಷೆ ಲೆಕ್ಕಕ್ಕಿಲ್ಲ.

ಆಮೇಲೆ ಎಣಿಕೆ. ಎಲೆಯ ಚುಕ್ಕೆಗೆ ಅಂಕ ಕೊಡುತ್ತಾರೆ, ಅಂಕ ಹೆಚ್ಚಿದಷ್ಟೂ ರೋಗ ಹೆಚ್ಚು. ಸಾಲಿನ ಒಟ್ಟು ತೆನೆಯಲ್ಲಿ ಎಷ್ಟು ಕುತ್ತಿಗೆ ಕಪ್ಪಾಗಿದೆ, ಒಟ್ಟು ಬೆರಳುಗಳಲ್ಲಿ ಎಷ್ಟು ಬೆರಳು ಸುಟ್ಟಿದೆ ಎಂದು ಬಗ್ಗಿ ಬಗ್ಗಿ ಎಣಿಸುತ್ತಾರೆ. ಎಲೆಯಲ್ಲಿ ಗೆದ್ದದ್ದು ಕುತ್ತಿಗೆಯಲ್ಲೂ ಗೆಲ್ಲಬೇಕೆಂದಿಲ್ಲ, ಹಾಗಾಗಿ ಮೂರೂ ಲೆಕ್ಕ ಬೇಕು. ಮೋಸಹೋಗದಂತೆ ಕಣ್ಣೂ ಪಳಗಿರಬೇಕು: ಕಾಂಡಕೊರಕ ಹುಳು ಬಿದ್ದ ತೆನೆಯೂ ಜೊಳ್ಳಾಗಿ ಬೆಳ್ಳಗೆ ನಿಲ್ಲುತ್ತದೆ. ಎಳೆದರೆ ಅದು ಸಲೀಸಾಗಿ ಕೈಗೆ ಬರುತ್ತದೆ, ಕೆಳಗೆ ಹುಳು ಕೊರೆದ ಗುರುತಿರುತ್ತದೆ. ಬೆಂಕಿ ರೋಗದ್ದಾದರೆ ಕುತ್ತಿಗೆಯ ಕಪ್ಪೇ ಸಾಕ್ಷಿ.

ಇಲ್ಲಿ ಕುದುರೆ ಮೆಂತ್ಯದ ಮಾತೊಂದನ್ನು ಹೇಳಿದರೆ ರಾಗಿಯ ಸ್ವಭಾವ ಇನ್ನೂ ಸ್ಪಷ್ಟವಾಗುತ್ತದೆ. ಹಸು ಕಟ್ಟಿದವರು ಮೇವಿಗೆಂದು ಬೆಳೆಯುವ ಈ ಗಿಡ ರಾಗಿಯಂತಲ್ಲ. ಜೇನು, ದುಂಬಿ ಬಂದು ಹೂವಿನಿಂದ ಹೂವಿಗೆ ಪರಾಗ ಒಯ್ಯಬೇಕು. 1954ರಲ್ಲಿ ಅಮೆರಿಕದ ನೈಋತ್ಯ ಭಾಗದ ಕುದುರೆ ಮೆಂತ್ಯಕ್ಕೆ ಹೊಸದೊಂದು ಚುಕ್ಕೆ ಸಸ್ಯಹೇನು ಮುತ್ತಿದಾಗ, ಆಫ್ರಿಕನ್ ಎಂಬ ತಳಿಯಲ್ಲಿ ಹೇನಿಗೆ ಸೋಲದ ಗಿಡಗಳನ್ನು ಹುಡುಕಿ, ಅವನ್ನು ತಮ್ಮತಮ್ಮೊಳಗೆ ಬೆರೆಯಲು ಬಿಟ್ಟು, 1957ರಲ್ಲಿ ಮೊವಾಪಾ ಎಂಬ ತಳಿಯನ್ನು ಹೊರತಂದರು. ಕುದುರೆ ಮೆಂತ್ಯದ ತಳಿಯೆಂದರೆ ಒಂದು ಊರಿದ್ದಂತೆ, ಎಲ್ಲರೂ ಸ್ವಲ್ಪ ಸ್ವಲ್ಪ ಬೇರೆ. ರಾಗಿಯ ತಳಿಯೆಂದರೆ ಒಂದು ಮನೆತನವಿದ್ದಂತೆ, ಎಲ್ಲರ ಮುಖವೂ ಒಂದೇ. ಮನೆತನಕ್ಕೊಂದು ಅನುಕೂಲವಿದೆ: ಒಮ್ಮೆ ಶುದ್ಧವಾದ ತಳಿಯ ಬೀಜವನ್ನು ರೈತ ತನ್ನ ಕಣದಿಂದಲೇ ಎತ್ತಿಟ್ಟು ಬಿತ್ತಬಹುದು. ಒಂದು ಅಪಾಯವೂ ಇದೆ: ಆ ಮನೆತನದ ಕಾವಲು ಮುರಿಯುವ ಹೊಸ ಬಗೆಯ ಶಿಲೀಂಧ್ರ ಹುಟ್ಟಿದರೆ ಸೀಮೆಗೆ ಸೀಮೆಯೇ ಒಟ್ಟಿಗೆ ಸೋಲಬಹುದು.

ಅದಕ್ಕೇ ಕೆಲಸ ನಿಂತಿಲ್ಲ. ಇಂಡಾಫ್-5 ಮತ್ತು ಐಇ-1012ರ ಬೆರಕೆಯಿಂದಲೇ ಬರವನ್ನೂ ಬೆಂಕಿ ರೋಗವನ್ನೂ ತಾಳುವ ಎಂಎಲ್-365 ಬಂತು. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ರಾಗಿಯ ವಂಶವಾಹಿಯ ನಕ್ಷೆಯನ್ನು ಪ್ರಕಟಿಸಿದರು. ಅದಕ್ಕೆ ಆರಿಸಿಕೊಂಡದ್ದು ಇದೇ ಎಂಎಲ್-365. ಮಂಡ್ಯದಿಂದ ಎಂಆರ್-6, ಕೆಎಂಆರ್-204, ಕೆಎಂಆರ್-301, ಕೆಎಂಆರ್-630 ಬಂದಿವೆ. ರೋಗ ತಡೆಯುವ ಗುಣ ಯಾವ ವಂಶವಾಹಿಯಲ್ಲಿದೆ ಎಂದು ತಿಳಿದರೆ ಎಳೆ ಪೈರಿನ ಎಲೆಯ ಚೂರಿನಿಂದಲೇ ಆರಿಸಬಹುದು, ಕಾಲ ಉಳಿಯುತ್ತದೆ. ಆದರೂ ಕೊನೆಯ ತೀರ್ಪು ಉದುರುಮಲ್ಲಿಗೆಯ ಪಕ್ಕದ ಸಾಲಿನಲ್ಲೇ.

ನಮ್ಮ ಪಾಲಿನ ಕೆಲಸ

ಈ ಕಸುಬಿನ ದೊಡ್ಡತನ ಅದರ ಫಲ ಕಣ್ಣಿಗೆ ಬೀಳದಿರುವುದರಲ್ಲಿದೆ. ರೋಗ ಬಂದ ಹೊಲ ಎಲ್ಲರಿಗೂ ಕಾಣುತ್ತದೆ. ರೋಗ ಬರದೆ ಉಳಿದ ಹೊಲವನ್ನು ಯಾರೂ ನಿಂತು ನೋಡುವುದಿಲ್ಲ. ಅದು ಸುಮ್ಮನೆ ರಾಗಿ ಹೊಲ, ಕೊಯ್ದರೆ ಮೆದೆ, ಒಕ್ಕಿದರೆ ರಾಶಿ. ಆ ಸುಮ್ಮನಿರುವಿಕೆಯ ಹಿಂದೆ ಯಾರೋ ನಸುಕಿನಲ್ಲೆದ್ದು ಕಟ್ಟಿದ ಕಾಗದದ ಚೀಲಗಳಿವೆ, ಒಟ್ಲಿನಲ್ಲಿ ಹುಡುಕಿದ ನೇರಳೆ ಗಿಣ್ಣಿದೆ, ಹತ್ತಾರು ವರ್ಷ ಬಗ್ಗಿ ಎಣಿಸಿದ ಬೆನ್ನಿದೆ.

ಅವರು ಮಾಡಿಟ್ಟ ಕೆಲಸವನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಜುಲೈನಲ್ಲಿ ಬಿತ್ತುವವರಿಗೆ ಎಂಆರ್-6ರಂಥ ದೀರ್ಘಾವಧಿ ತಳಿ ಹೊಂದುತ್ತದೆ. ಹೊಗೆಸೊಪ್ಪು ಕಿತ್ತ ಮೇಲೆ ಆಗಸ್ಟ್ ಕೊನೆಗೆ, ಸೆಪ್ಟೆಂಬರಿಗೆ ಬಿತ್ತುವವರು ಜಿಪಿಯು-48, ಕೆಎಂಆರ್-204, ಕೆಎಂಆರ್-630ರಂಥ ಸುಮಾರು ನೂರು ದಿನದ ತಳಿಯನ್ನು ಕೇಳಿ ತರಬೇಕು. ಯೂರಿಯಾ ಕೈ ಬಿಗಿಹಿಡಿದು ಹಾಕಬೇಕು, ಅದು ಹೆಚ್ಚಾದಷ್ಟೂ ಬೆಂಕಿ ರೋಗಕ್ಕೆ ಹಬ್ಬ. ರೈತ ಸಂಪರ್ಕ ಕೇಂದ್ರದಲ್ಲಿ ಬೀಜದ ಚೀಲ ಕೊಳ್ಳುವಾಗ ಚೀಟಿಯ ಬಣ್ಣ ನೋಡಿ: ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ಮನೆಯ ಬೀಜವನ್ನೇ ಬಿತ್ತುವುದಾದರೆ ಒಳ್ಳೆಯದೇ, ಆದರೆ ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸ ಬೀಜ ತನ್ನಿ. ಕಣಕ್ಕೆ ಹೋಗುವ ಮೊದಲು ಹೊಲದಲ್ಲೇ ಅಡ್ಡಾಡಿ, ಕುತ್ತಿಗೆ ಕಪ್ಪಿಲ್ಲದ, ಒಂದೇ ಎತ್ತರದ ಗಿಡಗಳ ತೆನೆಯನ್ನಷ್ಟೇ ಬೀಜಕ್ಕೆ ಆರಿಸಿ. ಮತ್ತು ಅಜ್ಜಿ ಕಾಲದ ನಾಡರಾಗಿ ಒಂದು ಹಿಡಿಯಾದರೂ ಮನೆಯಲ್ಲಿದ್ದರೆ ಅದನ್ನು ಕಳೆಯಬೇಡಿ. ಮುಂದಿನ ರೋಗಕ್ಕೆ ಮದ್ದು ಯಾವ ಕಾಳಿನೊಳಗಿದೆ ಎಂದು ಬಿತ್ತಿ ನೋಡುವ ತನಕ ಯಾರಿಗೂ ತಿಳಿಯುವುದಿಲ್ಲ.